ಗಿಟಾರ್ ಬಾರಿಸೋಕೆ ಬಾರದ ಲಿಯೋ ಫೆಂಡರ್

ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಊರಲ್ಲಿ ಆರ್ಕೆಸ್ಟ್ರಾ ಇಟ್ಟಾಗ ಎಲ್ಲರ ಕಣ್ಣು ಹಾಡುವವರ ಮೇಲಿರುತ್ತೆ. ಅವರನ್ನು ಬಿಟ್ಟರೆ ಕೀಬೋರ್ಡ್, ಡ್ರಮ್ಸ್. ಹಿಂದೆ ಮೂಲೆಯಲ್ಲಿ ನಾಲ್ಕು ದಪ್ಪ ತಂತಿಯ ಗಿಟಾರ್ ಹಿಡಿದು ನಿಂತವನನ್ನು ಯಾರೂ ನೋಡಲ್ಲ. ಆದರೆ ಅವನು ಅರ್ಧ ನಿಮಿಷ ಕೈ ತೆಗೆದರೆ ಸಾಕು, ಹಾಡು ಟೊಳ್ಳು ಅನ್ನಿಸೋಕೆ ಶುರುವಾಗುತ್ತೆ. ಏನು ಕಮ್ಮಿಯಾಯ್ತು ಅಂತ ಹೇಳೋಕೆ ಬರಲ್ಲ, ಕಮ್ಮಿಯಾಗಿದೆ ಅಂತ ಮಾತ್ರ ಗೊತ್ತಾಗುತ್ತೆ. ಆ ವಾದ್ಯದ ಹೆಸರು ಬೇಸ್ ಗಿಟಾರ್. ಅದನ್ನು ಪ್ರಪಂಚದ ಪ್ರತಿ ವೇದಿಕೆಗೂ ತಲುಪುವ ಹಾಗೆ ಮಾಡಿದವನು ಅಮೆರಿಕದ ಲಿಯೋ ಫೆಂಡರ್.

ಫೆಂಡರ್ ಅನ್ನೋ ಹೆಸರು ನಮ್ಮ ಕ್ಯಾಂಪಸ್‌ನಲ್ಲಿ ಗಿಟಾರ್ ಮುಟ್ಟಿದವರಿಗೆಲ್ಲ ಗೊತ್ತು. ಟೀ ಶರ್ಟ್ ಮೇಲೆ ಹಾಕಿಕೊಂಡು ಓಡಾಡುವವರೂ ಇದ್ದಾರೆ. ಆದರೆ ಆ ಹೆಸರಿನ ಮನುಷ್ಯನಿಗೆ ಗಿಟಾರ್ ಬಾರಿಸೋಕೆ ಬರ್ತಿರ್ಲಿಲ್ಲ, ಶ್ರುತಿ ಮಾಡೋಕೂ ಬರ್ತಿರ್ಲಿಲ್ಲ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಇನ್ನೊಂದು ವಿಷಯ ನಮ್ಮಂಥವರಿಗೆ ಇನ್ನೂ ಹತ್ತಿರದ್ದು. ಆತ ಎಂಜಿನಿಯರಿಂಗ್ ಓದಿದವನೇ ಅಲ್ಲ. ಓದಿದ್ದು ಅಕೌಂಟ್ಸ್.

ಕಿತ್ತಲೆ ತೋಟದ ಹುಡುಗ

ಪೂರ್ತಿ ಹೆಸರು ಕ್ಲಾರೆನ್ಸ್ ಲಿಯೋನಿಡಸ್ ಫೆಂಡರ್. ಹುಟ್ಟಿದ್ದು 1909ರ ಆಗಸ್ಟ್ 10ರಂದು, ಕ್ಯಾಲಿಫೋರ್ನಿಯಾದಲ್ಲಿ, ಅನಾಹೈಮ್ ಮತ್ತು ಫುಲ್ಲರ್ಟನ್ ಊರುಗಳ ನಡುವಿನ ಒಂದು ತೋಟದಲ್ಲಿ. ಅಪ್ಪ ಅಮ್ಮಂದು ಕಿತ್ತಲೆ ಬೆಳೆ. ಸಕಲೇಶಪುರ, ಆಲೂರು ಕಡೆಯಿಂದ ಬಂದ ನಮಗೆ ತೋಟದ ಮನೆ ಮಕ್ಕಳ ಬಾಲ್ಯ ಹೇಗಿರುತ್ತೆ ಅಂತ ವಿವರಿಸಬೇಕಾಗಿಲ್ಲ. ಪಕ್ಕದ ಮನೆ ದೂರ, ಕೆಟ್ಟು ಹೋದದ್ದನ್ನು ರಿಪೇರಿ ಮಾಡುವ ಅಂಗಡಿ ಇನ್ನೂ ದೂರ. ಮೋಟರ್ ಕೆಟ್ಟರೆ ಮೊದಲು ನಾವೇ ಬಿಚ್ಚಿ ನೋಡಬೇಕು.

ಎಂಟನೇ ವಯಸ್ಸಿನಲ್ಲಿ ಲಿಯೋನ ಎಡಗಣ್ಣಿನಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಕಣ್ಣನ್ನೇ ತೆಗೆಯಬೇಕಾಯಿತು. ಅಲ್ಲಿಂದ ಜೀವನ ಪೂರ್ತಿ ಒಂದು ಗಾಜಿನ ಕಣ್ಣು. ಮುಂದೆ ಎರಡನೇ ಮಹಾಯುದ್ಧ ಬಂದಾಗ ಸೇನೆಗೆ ಅವನನ್ನು ತೆಗೆದುಕೊಳ್ಳದೇ ಇದ್ದದ್ದೂ ಇದೇ ಕಾರಣಕ್ಕೆ. ಓರಗೆಯವರು ಯುದ್ಧದಲ್ಲಿದ್ದಾಗ ಅವನು ಅಂಗಡಿಯಲ್ಲಿ ಕೂತು ತಂತಿ ಸುತ್ತುತ್ತಿದ್ದ.

ತಂತಿಯ ಹುಚ್ಚು ಹತ್ತಿಸಿದ್ದು ಒಬ್ಬ ಮಾವ. ಅವರು ಕಾರಿನ ಎಲೆಕ್ಟ್ರಿಕ್ ಕೆಲಸದ ಅಂಗಡಿ ಇಟ್ಟಿದ್ದರು. 1922ರ ಸುಮಾರಿಗೆ ಹುಡುಗನಿಗೆ ಒಂದು ಡಬ್ಬದ ತುಂಬ ಹಳೇ ರೇಡಿಯೋ ಸಾಮಾನು, ಒಂದು ಬ್ಯಾಟರಿ ಕಳಿಸಿದರು. ಆಮೇಲೆ ಒಂದು ಸಲ ಆ ಅಂಗಡಿಗೆ ಹೋದಾಗ, ಮಾವ ಕೈಯಾರೆ ಕಟ್ಟಿದ ರೇಡಿಯೋ ಜೋರಾಗಿ ಹಾಡ್ತಾ ಇತ್ತು. ಸಣ್ಣದೊಂದು ಸಿಗ್ನಲ್ ಅಷ್ಟು ದೊಡ್ಡ ಶಬ್ದವಾಗಿ ಹೊರಗೆ ಬರೋದು ಹುಡುಗನ ತಲೆಯಲ್ಲಿ ಕೂತುಬಿಟ್ಟಿತು. ಹೈಸ್ಕೂಲಿನಲ್ಲಿರುವಾಗಲೇ ಮನೆಯಲ್ಲಿ ಅಕ್ಕಪಕ್ಕದವರ ರೇಡಿಯೋ ರಿಪೇರಿ ಮಾಡೋಕೆ ಶುರು ಮಾಡಿದ. ಪಿಯಾನೋ ಸ್ವಲ್ಪ ಕಲಿತ, ಸ್ಯಾಕ್ಸೋಫೋನ್ ಸ್ವಲ್ಪ ಕಲಿತ. ಎರಡೂ ಮುಂದುವರಿಯಲಿಲ್ಲ.

1928ರಲ್ಲಿ ಹೈಸ್ಕೂಲ್ ಮುಗಿಸಿ ಫುಲ್ಲರ್ಟನ್ ಜೂನಿಯರ್ ಕಾಲೇಜಿಗೆ ಸೇರಿದ. ತೆಗೆದುಕೊಂಡ ವಿಷಯ ಅಕೌಂಟಿಂಗ್. ಎಲೆಕ್ಟ್ರಾನಿಕ್ಸ್‌ನಲ್ಲಿ ಒಂದು ಕೋರ್ಸನ್ನೂ ಮಾಡಲಿಲ್ಲ. ಗೊತ್ತಿದ್ದದ್ದೆಲ್ಲ ಬಿಚ್ಚಿ ಕಲಿತದ್ದು, ಪುಸ್ತಕ ನೋಡಿ ಕಲಿತದ್ದು.

ಕೆಲಸ ಹೋದ ಮೇಲೆ

ಮೊದಲು ಐಸ್ ಕಂಪನಿಯೊಂದರಲ್ಲಿ ಡೆಲಿವರಿ ಕೆಲಸ, ಆಮೇಲೆ ಅಲ್ಲೇ ಲೆಕ್ಕ ಬರೆಯುವ ಕೆಲಸ. ಆ ಹೊತ್ತಿಗೆ ಒಂದು ಡ್ಯಾನ್ಸ್ ಬ್ಯಾಂಡಿನವರು ಬಂದು ತಮಗೆ ಮೈಕ್ ಸೆಟ್ ಕಟ್ಟಿಕೊಡು ಅಂದರು. ಕಟ್ಟಿಕೊಟ್ಟ. 1934ರಲ್ಲಿ ಎಸ್ತರ್ ಜೊತೆ ಮದುವೆಯಾಯಿತು. ಆಮೇಲೆ ಕ್ಯಾಲಿಫೋರ್ನಿಯಾ ಹೆದ್ದಾರಿ ಇಲಾಖೆಯಲ್ಲಿ ಅಕೌಂಟೆಂಟ್ ಕೆಲಸ. ಅದು ಆರ್ಥಿಕ ಕುಸಿತದ ಕಾಲ. ಆ ಕೆಲಸ ಹೋಯಿತು. ಟೈರ್ ಕಂಪನಿಯಲ್ಲಿ ಲೆಕ್ಕ ಬರೆಯುವ ಇನ್ನೊಂದು ಕೆಲಸ ಸಿಕ್ಕಿತು, ಆರು ತಿಂಗಳಲ್ಲಿ ಅದೂ ಹೋಯಿತು.

ಪ್ಲೇಸ್‌ಮೆಂಟ್ ಬಗ್ಗೆ ಎರಡನೇ ವರ್ಷದಿಂದಲೇ ನಿದ್ದೆಗೆಡುವ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ವಯಸ್ಸು 28, ಮದುವೆಯಾಗಿದೆ, ಸೇರಿದ ಎರಡು ಕೆಲಸ ಕೈ ತಪ್ಪಿವೆ, ಓದಿದ ಓದಿಗೆ ಬೆಲೆ ಇಲ್ಲ. 1938ರಲ್ಲಿ 600 ಡಾಲರ್ ಸಾಲ ಮಾಡಿ ಲಿಯೋ ಫುಲ್ಲರ್ಟನ್‌ಗೆ ವಾಪಸ್ ಬಂದು ಒಂದು ಅಂಗಡಿ ತೆರೆದ. ಬೋರ್ಡಿನ ಮೇಲೆ ಫೆಂಡರ್ ರೇಡಿಯೋ ಸರ್ವಿಸ್ ಅಂತ ಬರೆಸಿದ. ರೇಡಿಯೋ, ಗ್ರಾಮಫೋನ್, ಆಂಪ್ಲಿಫೈಯರ್ ಏನು ಬಂದರೂ ರಿಪೇರಿ. ಮೈಕ್ ಸೆಟ್ ಬಾಡಿಗೆಗೂ ಕೊಡುತ್ತಿದ್ದ. ನಮ್ಮ ಕಡೆ ಶಾಮಿಯಾನ, ಲೈಟು, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇರುತ್ತಲ್ಲ, ಹೆಚ್ಚು ಕಡಿಮೆ ಹಾಗೇ.

ರಿಪೇರಿ ಕೆಲಸ ಅವನಿಗೆ ಎರಡು ವಿಷಯ ಕಲಿಸಿತು. ವಸ್ತು ಎಲ್ಲಿ ಕೆಡುತ್ತೆ ಅನ್ನೋದು ಒಂದು. ಸುಲಭವಾಗಿ ಬಿಚ್ಚೋಕೆ ಆಗದ ವಸ್ತು ರಿಪೇರಿಯವನಿಗೆ ಎಂಥ ಶತ್ರು ಅನ್ನೋದು ಇನ್ನೊಂದು.

ಹಲಗೆಯ ತುಂಡು ಗಿಟಾರ್ ಆಯಿತು

ಅಂಗಡಿಗೆ ಬರ್ತಿದ್ದ ಸಂಗೀತಗಾರರಲ್ಲಿ ಡಾಕ್ ಕಾಫ್ಮನ್ ಒಬ್ಬ. ಅವನೂ ಯಂತ್ರದ ಹುಚ್ಚಿನವನೇ. ಇಬ್ಬರೂ ಸೇರಿ ಪಿಕಪ್ ಮೇಲೆ ಕೆಲಸ ಮಾಡೋಕೆ ಕೂತರು.

ಪಿಕಪ್ ಅಂದರೆ ಎಲೆಕ್ಟ್ರಿಕ್ ಗಿಟಾರಿನ ಕಿವಿ. ಒಳಗಿರೋದು ಇಷ್ಟೇ: ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಹಾದು ಹೋಗುವ ಉಕ್ಕಿನ ತಂತಿಯನ್ನು ಅಯಸ್ಕಾಂತ ತಾನೂ ಸ್ವಲ್ಪ ಅಯಸ್ಕಾಂತವನ್ನಾಗಿ ಮಾಡುತ್ತೆ. ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಫ್ಲಕ್ಸ್ ಬದಲಾಗುತ್ತೆ, ಫ್ಲಕ್ಸ್ ಬದಲಾದರೆ ವೋಲ್ಟೇಜ್ ಹುಟ್ಟುತ್ತೆ. ಪಿಯುಸಿಯಲ್ಲಿ ಉರು ಹೊಡೆದ ಫ್ಯಾರಡೆ ನಿಯಮವೇ ಇದು, 1831ರದ್ದು. ಮೈಕಿನ ಹಾಗೆ ಗಾಳಿಯ ಕಂಪನವನ್ನು ಇದು ಹಿಡಿಯಲ್ಲ. ಹಾಗಾಗಿ ಗಿಟಾರಿಗೆ ಟೊಳ್ಳು ಹೊಟ್ಟೆ ಬೇಕೇ ಬೇಕು ಅಂತಿಲ್ಲ.

1943ರಲ್ಲಿ ಇಬ್ಬರೂ ತಮ್ಮ ಪಿಕಪ್ ಪರೀಕ್ಷೆ ಮಾಡೋಕೆ ಅಂತ ಒಂದು ಗಟ್ಟಿ ಮರದ ಒರಟು ಗಿಟಾರ್ ಮಾಡಿಕೊಂಡರು. ನಮ್ಮ ಭಾಷೆಯಲ್ಲಿ ಅದು ಟೆಸ್ಟ್ ರಿಗ್. ಮಾರುವ ಯೋಚನೆ ಇರಲಿಲ್ಲ. ಆದರೆ ಅಂಗಡಿಗೆ ಬಂದ ಹಳ್ಳಿ ಹಾಡಿನ ಬ್ಯಾಂಡಿನವರು ಅದನ್ನು ಒಮ್ಮೆ ಬಾರಿಸಿ ನೋಡಿ, ಇವತ್ತು ರಾತ್ರಿ ಪ್ರೋಗ್ರಾಂಗೆ ಕೊಡಿ ಅಂತ ಕೇಳೋಕೆ ಶುರು ಮಾಡಿದರು. ಬಾಡಿಗೆಗೆ ಕೊಟ್ಟರು. ಲ್ಯಾಬಿನ ಸ್ಟ್ಯಾಂಡನ್ನೇ ಜನ ಎತ್ತಿಕೊಂಡು ಹೋದ ಹಾಗಾಯಿತು. 1945ರಲ್ಲಿ ಇಬ್ಬರೂ ಕೆ ಅಂಡ್ ಎಫ್ ಅಂತ ಕಂಪನಿ ಮಾಡಿ, ತೊಡೆ ಮೇಲೆ ಇಟ್ಟು ಬಾರಿಸುವ ಸ್ಟೀಲ್ ಗಿಟಾರ್ ಮತ್ತು ಆಂಪ್ಲಿಫೈಯರ್ ಮಾರಿದರು. ಮುಂದಿನ ವರ್ಷ ಕಾಫ್ಮನ್ ಹೊರಗೆ ಹೋದ. ಲಿಯೋ ಒಬ್ಬನೇ ಫೆಂಡರ್ ಎಲೆಕ್ಟ್ರಿಕ್ ಇನ್‌ಸ್ಟ್ರುಮೆಂಟ್ ಕಂಪನಿ ಕಟ್ಟಿದ.

1948ರಲ್ಲಿ ಜಾರ್ಜ್ ಫುಲ್ಲರ್ಟನ್ ಸೇರಿದ. ಇಬ್ಬರೂ ಸೇರಿ ಗಟ್ಟಿ ಮರದ ಗಿಟಾರನ್ನು ಕಾರ್ಖಾನೆಯಲ್ಲಿ ಸಾಲಾಗಿ ಮಾಡುವಂಥ ವಸ್ತುವನ್ನಾಗಿ ಮಾಡಿದರು. ಅದು ಬಂದದ್ದು 1950ರಲ್ಲಿ. ಹೊಟ್ಟೆ ಒಂದು ಹಲಗೆ, ಕತ್ತು ಇನ್ನೊಂದು ಮರ. ಹಳೇ ಕಾಲದ ಗಿಟಾರಿನಲ್ಲಿ ಕತ್ತನ್ನು ಗೋಂದು ಹಾಕಿ ಕೂರಿಸ್ತಿದ್ದರು. ಲಿಯೋ ನಾಲ್ಕು ಸ್ಕ್ರೂ ಹಾಕಿದ. ಕತ್ತು ಬಾಗಿದರೆ ಬಿಚ್ಚಿ ಬೇರೆ ಹಾಕಿ, ಅಷ್ಟೇ. ಆಗಿನ ದೊಡ್ಡ ಗಿಟಾರ್ ಕಂಪನಿಗಳಿಗೆ ಇದು ದೋಣಿಯ ಹುಟ್ಟಿನ ಹಾಗೆ ಕಂಡಿತು, ನಕ್ಕರು. ಮೊದಲು ಇಟ್ಟ ಬ್ರಾಡ್‌ಕಾಸ್ಟರ್ ಅನ್ನೋ ಹೆಸರು ಬೇರೆ ಕಂಪನಿಯ ಡ್ರಮ್ ಹೆಸರಿಗೆ ಹತ್ತಿರವಾಗಿತ್ತು. ಅವರು ಆಕ್ಷೇಪ ಎತ್ತಿದರು. ಲಿಯೋ ಜಗಳಕ್ಕೆ ಹೋಗದೆ ಹೆಸರು ಬಿಟ್ಟುಕೊಟ್ಟ. ಸ್ವಲ್ಪ ದಿನ ಆ ಹೆಸರನ್ನು ಕತ್ತರಿಸಿ ತೆಗೆದ ಸ್ಟಿಕ್ಕರ್ ಅಂಟಿಸಿ ಗಿಟಾರ್ ಕಳಿಸಿದರು. 1951ರಲ್ಲಿ ಹೊಸ ಹೆಸರು ಬಂತು, ಟೆಲಿಕಾಸ್ಟರ್. ಅದನ್ನು ಇವತ್ತಿಗೂ ಮಾಡ್ತಿದ್ದಾರೆ.

ನಾಲ್ಕು ತಂತಿ

ಅದೇ 1951ರಲ್ಲಿ ಬಂದದ್ದು ಪ್ರಿಸಿಷನ್ ಬೇಸ್.

ಆಗ ಬೇಸ್ ಅಂದರೆ ಡಬಲ್ ಬೇಸ್. ಆಳೆತ್ತರದ ಪಿಟೀಲು ಅಂದುಕೊಳ್ಳಿ. ಅದನ್ನು ಕಾರಿನ ಮೇಲೆ ಕಟ್ಟಿಕೊಂಡು ಊರೂರು ಅಲೆಯಬೇಕು. ಎಲೆಕ್ಟ್ರಿಕ್ ಗಿಟಾರ್ ಜೋರಾದ ಹಾಗೆ ಅದರ ಶಬ್ದ ಯಾರಿಗೂ ಕೇಳದ ಹಾಗಾಯಿತು. ಮೆಟ್ಟು ಇಲ್ಲದ್ದರಿಂದ ಬೆರಳು ಒಂದು ಕೂದಲು ಆಚೆ ಈಚೆ ಆದರೂ ಅಪಸ್ವರ. ನಮ್ಮ ವೀಣೆಯಲ್ಲಿ ಮೆಟ್ಟು ಇದೆ, ಪಿಟೀಲಿನಲ್ಲಿ ಇಲ್ಲ. ಆ ವ್ಯತ್ಯಾಸವೇ ಇದು.

ಲಿಯೋ ಡಬಲ್ ಬೇಸಿನ ನಾಲ್ಕು ತಂತಿಯನ್ನು ಗಿಟಾರಿನ ಹಲಗೆಯ ಮೇಲೆ ತಂದ, 20 ಮೆಟ್ಟು ಹಾಕಿದ. ಮೆಟ್ಟು ಇದ್ದರೆ ಸ್ವರ ಕರಾರುವಾಕ್ಕಾಗಿ ಬೀಳುತ್ತೆ. ಪ್ರಿಸಿಷನ್ ಅನ್ನೋ ಹೆಸರು ಬಂದದ್ದು ಅದಕ್ಕೆ. ಡಬಲ್ ಬೇಸಿನ ತಂತಿ ಸುಮಾರು 42 ಇಂಚು ಉದ್ದ. ಅಷ್ಟು ಉದ್ದವನ್ನು ಹೆಗಲಿಗೆ ಹಾಕಿಕೊಂಡು ಕೈ ಚಾಚೋಕೆ ಆಗಲ್ಲ. ತೀರಾ ಚಿಕ್ಕದು ಮಾಡಿದರೆ ತಂತಿ ಸಡಿಲವಾಗಿ ಸ್ವರ ಮಂಕಾಗುತ್ತೆ. ಬೇರೆ ಬೇರೆ ಉದ್ದ ನೋಡಿ 34 ಇಂಚಿಗೆ ನಿಂತ. ಇವತ್ತಿಗೂ ಅಂಗಡಿಯಲ್ಲಿ ಸಿಗುವ ಬಹುತೇಕ ಬೇಸ್ ಗಿಟಾರುಗಳು 34 ಇಂಚಿನವೇ. ಒಬ್ಬ ಮನುಷ್ಯ ಅಂಗಡಿಯಲ್ಲಿ ಕೂತು ಆರಿಸಿದ ಸಂಖ್ಯೆ ಪ್ರಪಂಚದ ಸ್ಟ್ಯಾಂಡರ್ಡ್ ಆಯಿತು.

ನ್ಯಾಯವಾಗಿ ಹೇಳಬೇಕೆಂದರೆ ಎಲೆಕ್ಟ್ರಿಕ್ ಬೇಸ್ ಯೋಚನೆ ಅವನಿಗಿಂತ ಮೊದಲೇ ಇತ್ತು. ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ಮೆಟ್ಟು ಇರುವ ಎಲೆಕ್ಟ್ರಿಕ್ ಬೇಸ್ ಮಾಡಿ ಮಾರಿದ್ದ. ಅದು ನಿಲ್ಲಲಿಲ್ಲ. ಲಿಯೋ ವಾದ್ಯ ಮಾಡಿದ್ದಲ್ಲದೆ ಮುಂದಿನ ವರ್ಷವೇ ಅದಕ್ಕೆ ತಕ್ಕ ಆಂಪ್ಲಿಫೈಯರನ್ನೂ ಕೊಟ್ಟ.

ಬೇಸಿನ ಪಿಕಪ್‌ಗೆ ಒಂದು ಕಾಟ ಇತ್ತು, ಹಮ್. ಕರೆಂಟಿನ ಗುಂಯ್ ಅನ್ನೋ ಶಬ್ದ. ಅಮೆರಿಕದಲ್ಲಿ ಅದು 60 ಹರ್ಟ್ಸ್, ನಮ್ಮಲ್ಲಿ 50. ಬೇಸಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್, ಅದರ ಮೇಲಿನದು 55. ಅಂದರೆ ಕಳ್ಳ ನಮ್ಮ ಮನೆಯೊಳಗೇ ಕೂತಿದ್ದಾನೆ. ಫಿಲ್ಟರ್ ಹಾಕಿ ಹಮ್ ತೆಗೆದರೆ ಸಂಗೀತವೂ ಹೋಗುತ್ತೆ. 1957ರಲ್ಲಿ ಲಿಯೋ ಪಿಕಪ್ಪನ್ನು ಎರಡು ತುಂಡು ಮಾಡಿದ. ಎರಡು ತಂತಿಗೆ ಒಂದು ತುಂಡು, ಉಳಿದ ಎರಡಕ್ಕೆ ಇನ್ನೊಂದು. ಎರಡರ ಅಯಸ್ಕಾಂತದ ದಿಕ್ಕು ಉಲ್ಟಾ, ಸುತ್ತಿನ ದಿಕ್ಕೂ ಉಲ್ಟಾ. ಹೊರಗಿನಿಂದ ಬಂದ ಹಮ್ ಎರಡು ಸುರುಳಿಯಲ್ಲೂ ಬೀಳುತ್ತೆ, ಒಂದರಲ್ಲಿ ಪ್ಲಸ್ ಆದಾಗ ಇನ್ನೊಂದರಲ್ಲಿ ಮೈನಸ್. ಸೇರಿಸಿದರೆ ಸೊನ್ನೆ. ಆದರೆ ಪ್ರತಿ ತಂತಿಯ ಸಿಗ್ನಲ್ ತನ್ನ ತುಂಡಿನಲ್ಲಿ ಮಾತ್ರ ಹುಟ್ಟೋದರಿಂದ ಅದು ಹಾಗೇ ಉಳಿಯುತ್ತೆ. ಒಂದು ಹೆಚ್ಚಿನ ಬಿಡಿಭಾಗವೂ ಇಲ್ಲ. ಸಿಗ್ನಲ್ಸ್ ಕ್ಲಾಸಿನಲ್ಲಿ ನಿದ್ದೆ ಬರುವವರು ಇದನ್ನು ಒಂದು ಸಲ ಹಾಳೆಯ ಮೇಲೆ ಬರೆದು ನೋಡಿ.

1960ರಲ್ಲಿ ಎರಡು ಉದ್ದ ಪಿಕಪ್ ಇರುವ ಜಾಜ್ ಬೇಸ್ ಬಂತು. ಡೆಟ್ರಾಯ್ಟ್‌ನ ಜೇಮ್ಸ್ ಜೇಮರ್ಸನ್ ಪ್ರಿಸಿಷನ್ ಬೇಸ್ ಮೇಲೆ, ಮುಂದೆ ಜಾಕೋ ಪಾಸ್ಟೋರಿಯಸ್ ಮೆಟ್ಟು ತೆಗೆದ ಜಾಜ್ ಬೇಸ್ ಮೇಲೆ ಏನೇನು ಮಾಡಿದರು ಅನ್ನೋದನ್ನು ಬರೆದು ಹೇಳೋಕಾಗಲ್ಲ, ಕೇಳಬೇಕು. ಮೆಟ್ಟು ಬೇಕು ಅಂತ ಮಾಡಿದ ವಾದ್ಯದ ಮೆಟ್ಟನ್ನೇ ಒಬ್ಬ ಕಿತ್ತು ಹಾಕಿ ದೊಡ್ಡವನಾದ!

ಮುಚ್ಚಳದ ಕಥೆ, ಬೀಟೆಯ ಕಥೆ

ಲಿಯೋ ತನ್ನ ಬೇಸಿನ ಪಿಕಪ್ ಮೇಲೆ ಮಿನುಗುವ ಕ್ರೋಮ್ ಮುಚ್ಚಳ ಹಾಕಿ ಕಳಿಸ್ತಿದ್ದ. ಅದು ಹಮ್ ಸ್ವಲ್ಪ ತಡೆಯುತ್ತೆ, ಚೆನ್ನಾಗೂ ಕಾಣುತ್ತೆ. ಆದರೆ ಕೈಗೆ ಅಡ್ಡ ಬರುತ್ತೆ ಅಂತ ಬಹಳ ಜನ ಬಿಚ್ಚಿಡ್ತಿದ್ದರು. ಟೆಲಿಕಾಸ್ಟರಿನ ಮುಚ್ಚಳ ಸಿಗರೇಟ್ ಬೂದಿ ತಟ್ಟೋ ಬಟ್ಟಲಾಯಿತು, ಇವತ್ತಿಗೂ ಅದನ್ನು ಆಶ್‌ಟ್ರೇ ಅಂತಲೇ ಕರೀತಾರೆ. ಜಾಜ್ ಬೇಸಿನಲ್ಲಿ ಕ್ರೋಮ್ ತೆಗೆದರೆ ಕೆಳಗೆ ಕಾಣೋದು ಕಪ್ಪು ಪ್ಲಾಸ್ಟಿಕ್ ಮುಚ್ಚಳ.

ಹೋದ ಸೆಮಿಸ್ಟರಿನಲ್ಲಿ ನಮ್ಮ ಬ್ಯಾಂಡಿನ ಸೀನಿಯರ್ ಅಣ್ಣನ ಬೇಸಿನಲ್ಲಿ ಆ ಪ್ಲಾಸ್ಟಿಕ್ ಒಡೆದಿತ್ತು. ಮರದಲ್ಲಿ ಮಾಡೋಣ ಅಂತ ತೀರ್ಮಾನವಾಯಿತು. ಅಜ್ಜಿ ಮನೆ ಇರೋದು ಆಲೂರಿಗೂ ಸಕಲೇಶಪುರಕ್ಕೂ ನಡುವೆ. ಅಟ್ಟದಲ್ಲಿ ಮುರಿದ ಬೀಟೆ ಮಂಚದ ಒಂದು ಕಾಲು ಬಿದ್ದಿತ್ತು. ಬೀಟೆ ಬೇಕು ಅಂದರೆ ನಮ್ಮಲ್ಲಿ ಹಳೇದರಲ್ಲೇ ಹುಡುಕಬೇಕು. ಸ್ವಂತ ಕಾಫಿ ತೋಟದಲ್ಲೇ ಮರ ನಿಂತಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯೋ ಹಾಗಿಲ್ಲ, 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಹೋಗಲಿ, ಹೊಸ ಮರಕ್ಕಿಂತ ಹಳೇ ಮಂಚವೇ ಒಳ್ಳೇದು. ಎಷ್ಟೋ ಮಳೆಗಾಲ ಕಂಡು ಒಣಗಿ ಗಟ್ಟಿಯಾಗಿರುತ್ತೆ, ಇನ್ನು ಸೊಟ್ಟಗಾಗಲ್ಲ.

ಆಲೂರಿನ ಒಬ್ಬರು ಆಚಾರ್ರ ಹತ್ತಿರ ಕೂತು ಮಾಡಿದೆವು. ಎರಡು ಪಿಕಪ್ಪೂ ಒಂದೇ ಅಳತೆ ಅಲ್ಲ. ಬ್ರಿಡ್ಜ್ ಕಡೆಯದು ಸುಮಾರು 94 ಮಿಲಿಮೀಟರ್, ಕತ್ತಿನ ಕಡೆಯದು 91, ಅಗಲ ಎರಡಕ್ಕೂ 19ರ ಹತ್ತಿರ. ವರ್ನಿಯರ್ ಹಿಡಿದು ಎರಡನ್ನೂ ಬೇರೆ ಬೇರೆ ಬರೆದುಕೊಂಡೆವು. ಮರದ ಎಳೆ ಮುಚ್ಚಳದ ಉದ್ದಕ್ಕೆ ಇರಬೇಕು. ಸ್ಕ್ರೂ ಕೂರುವ ಸಣ್ಣ ಕಿವಿಗಳೇ ಮೊದಲು ಸೀಳೋದು. ಅದಕ್ಕೆ ಆಚಾರ್ರು ಆಕಾರ ಕೊಡೋ ಮೊದಲೇ, ಮರ ದಪ್ಪ ಇರುವಾಗಲೇ, ಸ್ಕ್ರೂ ತೂತು ಕೊರೆಸಿದರು. ಒಳಗಿನ ಗುಳಿಗೆ ಡ್ರಿಲ್ಲಿನಲ್ಲಿ ಸಾಲಾಗಿ ತೂತು ಹಾಕಿ, ನಡುವಿನದ್ದನ್ನು ಉಳಿಯಲ್ಲಿ ತೆಗೆದು, ಅರದಲ್ಲಿ ಉಜ್ಜಿದೆವು. ಮೇಲ್ಭಾಗ ಒಂದೂವರೆ ಮಿಲಿಮೀಟರ್ ಉಳಿಯಿತು. ಸುತ್ತ ಅರ್ಧ ಮಿಲಿಮೀಟರ್ ಸಡಿಲ ಬಿಡಿಸಿದ್ದೂ ಅವರೇ. ನಮ್ಮ ಕಡೆಯ ಜುಲೈ ಮಳೆಯಲ್ಲಿ ಬಾಗಿಲೇ ಉಬ್ಬಿ ಹಾಕೋಕಾಗಲ್ಲ, ಇದು ಬಿಡುತ್ತಾ? ಬೀಟೆ ಧೂಳು ಮೂಗಿಗೆ ಒಳ್ಳೇದಲ್ಲ. ನೀವು ಮಾಡೋದಾದರೆ ಮಾಸ್ಕ್ ಹಾಕಿಕೊಳ್ಳಿ.

ಮರಕ್ಕೆ ಅಯಸ್ಕಾಂತ ಕ್ಷೇತ್ರ ಗೊತ್ತೇ ಆಗಲ್ಲ, ಅದು ಗಾಳಿ ಇದ್ದ ಹಾಗೆ. ಹಿತ್ತಾಳೆ ಮುಚ್ಚಳವಾಗಿದ್ದರೆ ಅದರೊಳಗೆ ಎಡ್ಡಿ ಕರೆಂಟ್ ಹರಿದು ಮೇಲಿನ ಸ್ವರಗಳನ್ನು ತಿಂದುಹಾಕುತ್ತೆ. ಮರದ್ದರಲ್ಲಿ ಆ ತೊಂದರೆ ಇಲ್ಲ. ಬದಲಿಗೆ ಹಮ್ ತಡೆಯೋ ಶಕ್ತಿಯೂ ಇಲ್ಲ. ಅದಕ್ಕೆ ಒಳಗಡೆ ತಾಮ್ರದ ಟೇಪ್ ಅಂಟಿಸಿ ಗ್ರೌಂಡಿಗೆ ಸೇರಿಸಬೇಕು. ಟೇಪಿನ ಎರಡು ತುದಿ ಒಂದಕ್ಕೊಂದು ತಾಗಿ ಪೂರ್ತಿ ಬಳೆ ಆಗಬಾರದು. ಆದರೆ ಅದೇ ಶಾರ್ಟ್ ಆದ ಒಂದು ಸುತ್ತಿನ ಟ್ರಾನ್ಸ್‌ಫಾರ್ಮರ್ ಆಗಿ ಸಿಗ್ನಲ್ ಕುಡಿಯುತ್ತೆ. ಒಂದು ಸಣ್ಣ ಸಂದು ಬಿಡಿ. ಮುಚ್ಚಿದ ಮೇಲ್ಭಾಗದಿಂದ ತಂತಿಗೂ ಪಿಕಪ್‌ಗೂ ದೂರ ಹೆಚ್ಚುತ್ತೆ, ಹಾಗಾಗಿ ಕೆಳಗೆ ಸ್ಪಂಜ್ ಕೊಟ್ಟು ಪಿಕಪ್ ಎತ್ತರಿಸಬೇಕು. ಬೀಟೆ ಹಾಕಿದ್ದಕ್ಕೆ ಧ್ವನಿ ಬೆಚ್ಚಗಾಯಿತು ಅಂತ ಬ್ಯಾಂಡಿನಲ್ಲಿ ಒಬ್ಬ ಹೇಳಿದ. ಎತ್ತರ ಸರಿಮಾಡಿ, ಬೆನ್ನು ತಿರುಗಿಸಿ ಕೂರಿಸಿ ಕೇಳಿಸಿದಾಗ ಯಾವುದು ಪ್ಲಾಸ್ಟಿಕ್, ಯಾವುದು ಬೀಟೆ ಅಂತ ಅವನಿಗೆ ಹೇಳೋಕಾಗಲಿಲ್ಲ. ಅಂದ ಮಾತ್ರ ಖಂಡಿತ ಹೆಚ್ಚಾಗಿದೆ.

ಬೀಟೆಗೂ ಗಿಟಾರಿಗೂ ಹಳೇ ನಂಟಿದೆ. ಲಿಯೋ 1950ರ ದಶಕದ ಕೊನೆಗೆ ಮೆಟ್ಟು ಕೂರಿಸುವ ಹಲಗೆಗೆ ರೋಸ್‌ವುಡ್ ಬಳಸೋಕೆ ಶುರು ಮಾಡಿದ್ದ. ಅದು ಬ್ರೆಜಿಲ್ ಮರ. 1960ರ ದಶಕದ ಕೊನೆಗೆ ಬ್ರೆಜಿಲ್ ತನ್ನ ದಿಮ್ಮಿ ಹೊರಗೆ ಕಳಿಸೋದು ನಿಲ್ಲಿಸಿದಾಗ ಪ್ರಪಂಚದ ಗಿಟಾರ್ ಕಂಪನಿಗಳು ಭಾರತದ ರೋಸ್‌ವುಡ್ ಕಡೆ ತಿರುಗಿದವು. ನಮ್ಮ ಪಶ್ಚಿಮ ಘಟ್ಟದ ಬೀಟೆಯೇ ಅದು. 2017ರ ಜನವರಿಯಿಂದ ಈ ಜಾತಿಯ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟೀಸ್ ಒಪ್ಪಂದ ಕಡಿವಾಣ ಹಾಕಿತು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮ ಅಜ್ಜ ಅಜ್ಜಿಯರು ಮಂಚ, ಬಾಗಿಲು ಮಾಡಿಸಿದ ಮರ ಇವತ್ತು ಅಂತರರಾಷ್ಟ್ರೀಯ ಕಾನೂನಿನ ವಿಷಯ.

ಹೆಸರು ಮಾರಿದ ಮೇಲೆ

1954ರಲ್ಲಿ ಸ್ಟ್ರಾಟೋಕಾಸ್ಟರ್ ಬಂದ ಮೇಲೆ ಕಂಪನಿ ಬೆಳೆಯುತ್ತಲೇ ಹೋಯಿತು. ಲಿಯೋನ ದಿನಚರಿ ಬದಲಾಗಲಿಲ್ಲ. ಒಂದು ಮಾದರಿ ಮಾಡೋದು, ಬಾರಿಸುವವರ ಕೈಗೆ ಕೊಡೋದು, ಅವರ ದೂರು ಕೇಳೋದು, ವಾಪಸ್ ಬಂದು ಬದಲಾಯಿಸೋದು. ತನಗೆ ಬಾರಿಸೋಕೆ ಬರದೇ ಇದ್ದದ್ದು ಇಲ್ಲಿ ಲಾಭವಾಯಿತು ಅಂತ ನನಗನ್ನಿಸುತ್ತೆ. ಬಾರಿಸೋಕೆ ಬಂದಿದ್ದರೆ ತನಗೆ ಸರಿ ಕಂಡಿದ್ದಕ್ಕೆ ನಿಲ್ಲಿಸ್ತಿದ್ದನೋ ಏನೋ. ಬರಲ್ಲ ಅಂದಮೇಲೆ ಕೇಳಲೇಬೇಕು.

1950ರ ದಶಕದ ಮಧ್ಯದಲ್ಲಿ ಸೈನಸ್‌ಗೆ ಸೋಂಕು ತಗುಲಿತು. ವರ್ಷಗಟ್ಟಲೆ ವಾಸಿಯಾಗಲಿಲ್ಲ. ಇನ್ನು ಹೆಚ್ಚು ದಿನ ಇರಲ್ಲ ಅಂದುಕೊಂಡು, ವ್ಯವಹಾರ ಮುಗಿಸಿಬಿಡೋಣ ಅಂತ ಕಂಪನಿ ಮಾರೋಕೆ ಹೊರಟ. 1965ರ ಜನವರಿಯಲ್ಲಿ ಸಿಬಿಎಸ್ ಸಂಸ್ಥೆ 1 ಕೋಟಿ 30 ಲಕ್ಷ ಡಾಲರ್ ಕೊಟ್ಟು ಕೊಂಡಿತು. 600 ಡಾಲರ್ ಸಾಲದಿಂದ ಶುರುವಾದ ಅಂಗಡಿ ಅದು.

ಆಮೇಲೆ ಬೇರೆ ಡಾಕ್ಟರ್ ಹತ್ತಿರ ಹೋದ, ಕಾಯಿಲೆ ವಾಸಿಯಾಯಿತು!

ಈಗ ಅವನ ಸ್ಥಿತಿ ಯೋಚಿಸಿ. ವಯಸ್ಸು 60ರ ಒಳಗೇ ಇದೆ, ಆರೋಗ್ಯ ಬಂದಿದೆ, ಕೈಯಲ್ಲಿ ಬೇಕಾದಷ್ಟು ದುಡ್ಡಿದೆ, ತಲೆಯಲ್ಲಿ ಇನ್ನೂ ಬೇಕಾದಷ್ಟು ಐಡಿಯಾ ಇವೆ. ಆದರೆ ಒಪ್ಪಂದದ ಪ್ರಕಾರ ಹತ್ತು ವರ್ಷ ಅದೇ ವ್ಯಾಪಾರದಲ್ಲಿ ಪೈಪೋಟಿಗೆ ಇಳಿಯೋ ಹಾಗಿಲ್ಲ. ಫೆಂಡರ್ ಅನ್ನೋ ಹೆಸರೂ ಮಾರಾಟವಾಗಿದೆ. ಅಪ್ಪ ಕೊಟ್ಟ ಹೆಸರನ್ನು ತಾನು ಮಾಡಿದ ಗಿಟಾರಿನ ತಲೆಯ ಮೇಲೆ ಬರೆಯೋಕೆ ಅವನೊಬ್ಬನಿಗೇ ಹಕ್ಕಿಲ್ಲ. ಅಂಗಡಿಯಲ್ಲಿ ಫೆಂಡರ್ ಗಿಟಾರ್ ಸಾಲಾಗಿ ತೂಗುಹಾಕಿರ್ತಾರೆ. ಅದರಲ್ಲಿ ಏನು ಬದಲಾಯಿಸಬೇಕು ಅಂತ ಹೇಳೋ ಅಧಿಕಾರ ಇವನದಲ್ಲ. ಸ್ವಲ್ಪ ವರ್ಷ ಸಲಹೆಗಾರ ಅಂತ ಇದ್ದ, ಅಷ್ಟೇ. ಮುಂದೆ ಸಿಬಿಎಸ್ ಕಾಲದ ಗಿಟಾರುಗಳ ಗುಣಮಟ್ಟ ಇಳಿಯಿತು ಅಂತ ಬಾರಿಸುವವರು ದೂರೋಕೆ ಶುರು ಮಾಡಿದರು. ಹಳೇ ಗಿಟಾರಿಗೆ ಬೆಲೆ ಏರಿತು. 1985ರಲ್ಲಿ ಕಂಪನಿಯ ನೌಕರರೇ ಸೇರಿ ಸಿಬಿಎಸ್‌ನಿಂದ ಅದನ್ನು ಕೊಂಡುಕೊಂಡರು.

ಸ್ಟಾರ್ಟಪ್ ಮಾಡಿ ಎಕ್ಸಿಟ್ ಆಗಬೇಕು ಅಂತ ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಮಾತಾಡ್ತೀವಲ್ಲ. ಎಕ್ಸಿಟ್ ಆದ ಮಾರನೇ ದಿನ ಬೆಳಗ್ಗೆ ಎದ್ದು ಏನು ಮಾಡೋದು ಅನ್ನೋ ಪ್ರಶ್ನೆಗೆ ಲಿಯೋನ ಉತ್ತರ ಸರಳ. ಮತ್ತೆ ಬೆಂಚಿಗೆ ಹೋದ.

ಹಳೇ ಸಹೋದ್ಯೋಗಿಗಳು ಶುರು ಮಾಡಿದ ಮ್ಯೂಸಿಕ್ ಮ್ಯಾನ್ ಕಂಪನಿಗೆ, ಹತ್ತು ವರ್ಷದ ಗಡುವು ಮುಗಿದ ಮೇಲೆ, 1975ರಲ್ಲಿ ಅಧ್ಯಕ್ಷನಾದ. ಮುಂದಿನ ವರ್ಷ ಸ್ಟಿಂಗ್‌ರೇ ಬೇಸ್ ಬಂತು. ಗಿಟಾರಿನೊಳಗೇ ಬ್ಯಾಟರಿ, ಒಳಗೇ ಪ್ರಿಆಂಪ್. ಬೇಸ್ ಬಾರಿಸುವವರಿಗೆ ಅದು ಮತ್ತೊಂದು ಹೊಸ ದನಿ ಕೊಟ್ಟಿತು. 1979ರಲ್ಲಿ ಹೆಂಡತಿ ಎಸ್ತರ್ ಕ್ಯಾನ್ಸರಿನಿಂದ ತೀರಿಕೊಂಡಳು. ಅದರ ಹಿಂದೆಮುಂದೆಯೇ ಹಳೇ ಗೆಳೆಯ ಜಾರ್ಜ್ ಫುಲ್ಲರ್ಟನ್ ಜೊತೆ ಇನ್ನೊಂದು ಕಂಪನಿ ಕಟ್ಟಿದ. ಅದಕ್ಕೆ ಇಟ್ಟ ಹೆಸರು ಜಿ ಅಂಡ್ ಎಲ್. ಜಾರ್ಜ್ ಮತ್ತು ಲಿಯೋ. ಮನೆತನದ ಹೆಸರು ಬಳಸೋ ಹಾಗಿಲ್ಲ, ಅಮ್ಮ ಕರೆಯುತ್ತಿದ್ದ ಹೆಸರಿನ ಮೊದಲ ಅಕ್ಷರ ಬಳಸಬಹುದಲ್ಲ.

ವಯಸ್ಸಾದ ಮೇಲೆ ಪಾರ್ಕಿನ್ಸನ್ ಕಾಯಿಲೆ ಬಂತು. ಕೈ ನಡುಗಿದರೂ ದಿನಾ ಕೆಲಸಕ್ಕೆ ಹೋಗ್ತಿದ್ದ. 1991ರ ಮಾರ್ಚ್ 20ರಂದೂ ಹೋಗಿದ್ದ. 21ರಂದು ತೀರಿಕೊಂಡ. ವಯಸ್ಸು 81. ಮುಂದಿನ ವರ್ಷ ಅವನ ಹೆಸರನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು.

ನಮ್ಮ ಕೈಗೆ

ನಿಮ್ಮ ರೂಮಿನ ಮೂಲೆಯಲ್ಲೂ ಒಂದು ಹಳೇ ಗಿಟಾರ್ ಇರಬಹುದು. ಅದು ಎಲೆಕ್ಟ್ರಿಕ್ ಆಗಿದ್ದರೆ ಒಂದು ಭಾನುವಾರ ಬಿಚ್ಚಿ ನೋಡಿ. ನಾಲ್ಕು ಸ್ಕ್ರೂ ತೆಗೆದರೆ ಕತ್ತು ಕಳಚಿ ಬರುತ್ತೆ, ರಿಪೇರಿ ಅಂಗಡಿಯವನೊಬ್ಬ ಇನ್ನೊಬ್ಬ ರಿಪೇರಿಯವನಿಗಾಗಿ ಮಾಡಿದ ಏರ್ಪಾಡು ಅದು. ಪಿಕಪ್ ತೆಗೆದು ಮಲ್ಟಿಮೀಟರ್ ಇಟ್ಟರೆ ಕೆಲವು ಕಿಲೋ ಓಮ್ ತೋರಿಸುತ್ತೆ. ತೆಳ್ಳಗಿನ ತಂತಿ ಹುಷಾರು, ಕಡಿದರೆ ಮತ್ತೆ ಸುತ್ತಬೇಕು. ಮರದ ಮುಚ್ಚಳ ಮಾಡಬೇಕು ಅನ್ನಿಸಿದರೆ ಮೊದಲು ಮನೆಯ ಅಟ್ಟ ಹುಡುಕಿ, ಆಮೇಲೆ ಊರಿನ ಆಚಾರ್ರನ್ನು ಹುಡುಕಿ. ಬೇಸಿನ ಬಗ್ಗೆ ಅವರಿಗೆ ಗೊತ್ತಿಲ್ಲದೇ ಇರಬಹುದು. ಬೀಟೆ ಎಳೆ ಯಾವ ಕಡೆ ಸೀಳುತ್ತೆ ಅಂತ ಅವರಿಗೆ ಗೊತ್ತಿರುತ್ತೆ, ಅದು ಯಾವ ವಿಡಿಯೋದಲ್ಲೂ ಸಿಗಲ್ಲ.